ಶಿಮೆಯ ಮಗಳನ್ನು ಹುಡುಕಿಕೊಂಡು

ಹುಡುಗಿ ಮೂರನೆಯ ಸಲ ಮನೆಯ ಫೋಟೊ ತೆಗೆದಾಗ ದಿನ್ಕಾಗೆ ತಡೆಯಲಾಗಲಿಲ್ಲ. ಮೀನು ಹೆಚ್ಚುತ್ತಿದ್ದವಳು ಚಾಕು ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು.

"ಯಾರಮ್ಮ ನೀನು? ಏನ್ ಬೇಕಿತ್ತು?"

"ಇದು ಶಿಮೆ ಬೆವಂದಿಚ್ ಅವ್ರ ಮನೆ ಅಲ್ವಾ? ನಾನು ಅವ್ರ ಮೊಮ್ಮಗಳು, ಡಯೇನ್. ಅಮೆರಿಕದಿಂದ ಬಂದಿದೀನಿ."

ಶಿಮೆ ದಿನ್ಕಾಳ ಅಪ್ಪ. ಐವತ್ತು ವರ್ಷದ ಹಿಂದೆ, ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ, ಹಡಗು ಹತ್ತಿ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗೆ ಹೋದವನು. ಮೊದಮೊದಲು ಕಾಗದ ಬರೆದ, ಆಮೇಲೆ ಅದೂ ನಿಂತಿತು. ಅಲ್ಲೇ ಎಲ್ಲೋ ಮಣ್ಣಾಗಿರಬೇಕೆಂದು ಊರೇ ನಂಬಿತು. ತಾಯಿ ಪೆರೀನಾ ಕರಿಬಟ್ಟೆ ಉಟ್ಟವಳು ಅದರಲ್ಲೇ ಕಣ್ಣು ಮುಚ್ಚಿದಳು. ಅಂಥವನಿಗೆ ಅಲ್ಲಿ ಇನ್ನೊಂದು ಸಂಸಾರ, ಕ್ಯಾಮೆರಾ ನೇತುಹಾಕಿಕೊಂಡ ಮೊಮ್ಮಗಳು. ದಿನ್ಕಾಗೆ ಹೊಟ್ಟೆ ಉರಿದುಹೋಯಿತು.

ಆದರೆ ಸಿಟ್ಟಿಗಿಂತ ಭಯ ದೊಡ್ಡದು. ಮನೆ ಇಂದಿಗೂ ಶಿಮೆಯ ಹೆಸರಿನಲ್ಲೇ ಇತ್ತು. ಜಾಗ್ರೆಬ್ ನಗರದ ಶ್ರೀಮಂತರು ಬೇಸಿಗೆ ಕಳೆಯಲು ಈ ದ್ವೀಪದ ಹಳೆಯ ಕಲ್ಲುಮನೆಗಳಿಗೆ ಮುಗಿಬೀಳತೊಡಗಿದ್ದೇ ತಡ, ಸಾಗರದಾಚೆಯ ವಾರಸುದಾರರಿಗೆಲ್ಲ ದಿಢೀರನೆ ವಂಶದ ನೆನಪು ಬರುತ್ತಿತ್ತು. ಹೋದ ವರ್ಷ ಕೆಳಗಿನ ಓಣಿಯ ಕಾತಾಳ ಮನೆಗೂ ಹೀಗೇ ನಗುನಗುತ್ತ ಬಂದರು, ವಂಶವೃಕ್ಷ ಬರೆದುಕೊಂಡರು, ಊಟ ಮಾಡಿದರು, ಪಾಲು ಕೇಳಿದರು. ಕಾತಾ ಈಗ ಸ್ಪ್ಲಿಟ್ ಪಟ್ಟಣದಲ್ಲಿ ಮಗಳ ಅಡುಗೆಮನೆಯ ಮೂಲೆಯಲ್ಲಿ ಮಲಗುತ್ತಾಳೆ. ದಿನ್ಕಾಗೆ ಅಂಥ ಮೂಲೆಯೂ ಇರಲಿಲ್ಲ.

"ಬೆವಂದಿಚ್‌ಗಳು ಯಾರೂ ಇಲ್ಲ ಇಲ್ಲಿ," ಎಂದಳು. "ನಾನು ಮಾರಾ. ನಾವು ಈ ಮನೆ ಕೊಂಡ್ಕೊಂಡು ಎಷ್ಟೋ ಕಾಲ ಆಯ್ತು."

ಹುಡುಗಿ ಚೀಲದಿಂದ ವಂಶವೃಕ್ಷ ತೆಗೆದು ಬಿಡಿಸಿದಳು. ಹಡಗಿನ ಹಳೆಯ ದಾಖಲೆ ಹುಡುಕುವಾಗ ಶಿಮೆಗೆ ಊರಲ್ಲಿ ಹೆಂಡತಿ ಇದ್ದದ್ದು ಬಯಲಾಯಿತಂತೆ.

"ನಮ್ಮನೇಲಿ ಯಾರ್ಗೂ ಗೊತ್ತಿರ್ಲಿಲ್ಲ. ಅಮ್ಮ ಅಂತೂ ಹಾಸಿಗೆ ಹಿಡಿದ್ಬಿಟ್ಲು. ಇಲ್ನೋಡಿ, ದಿನ್ಕಾ ಅಂತ ಮಗಳು ಕೂಡ ಇದಾಳೆ. ಅವಳು ಸಿಕ್ಕಿದ್ರೆ ಸಾಕು ನಂಗೆ."

"ಸಿಕ್ಕಿದ್ರೆ ಏನ್ ಮಾಡ್ತೀಯ?"

"ಒಂದ್ ಮಾತು ಹೇಳೋದಿದೆ."

"ನಂಗೇ ಹೇಳು. ದಿನ್ಕಾನ ನನ್ನಷ್ಟು ಬಲ್ಲೋರು ಈ ಊರಲ್ಲಿ ಯಾರೂ ಇಲ್ಲ."

"ಇಲ್ಲ, ಅವಳಿಗೇ ಹೇಳ್ಬೇಕು." ಹುಡುಗಿ ಬಂದ ದಾರಿಯತ್ತ ತಿರುಗಿದಳು. "ಇಲ್ಲೀತನಕ ಕಾರ್ ಬರತ್ತಾ? ಮೆಟ್ಟಿಲು ತುಂಬಾ ಕಡಿದಾಗಿದೆ."

ಸಾಮಾನು ಸಾಗಿಸುವ ಲೆಕ್ಕಾಚಾರ ಆಗಲೇ ಶುರುವಾಯಿತು ಅಂದುಕೊಂಡಳು ದಿನ್ಕಾ.

"ಕತ್ತೆ ಬರತ್ತೆ," ಎಂದಳು. "ಬಾ, ನಿನ್ನ ದಿನ್ಕಾನ ತೋರಿಸ್ತೀನಿ."

ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದೊಯ್ದಳು. ಈ ದ್ವೀಪದಲ್ಲಿ ಹೆಸರು ಕೆತ್ತಿಸಲು ಯಾರೂ ಸಾಯುವ ತನಕ ಕಾಯುವುದಿಲ್ಲ. ಮನೆತನದ ಸಮಾಧಿಗೆ ಕಲ್ಲುಕುಟಿಗ ಬಂದಾಗ ಬದುಕಿದ್ದವರೂ ತಮ್ಮ ಹೆಸರು, ಹುಟ್ಟಿದ ವರ್ಷ ಕೆತ್ತಿಸಿ ಪಕ್ಕದಲ್ಲಿ ಜಾಗ ಬಿಡುತ್ತಾರೆ. ಅಮ್ಮ ತೀರಿಕೊಂಡಾಗ ದಿನ್ಕಾ ಮೂರು ಹೆಸರನ್ನೂ ಒಟ್ಟಿಗೇ ಕೆತ್ತಿಸಿದ್ದಳು. ಅಪ್ಪ ಸತ್ತ ವರ್ಷ ಗೊತ್ತಿರಲಿಲ್ಲ, ಬಿಟ್ಟಳು. ತನ್ನದನ್ನು ಮುಂದೆ ಹೂಳುವವರು ನೋಡಿಕೊಳ್ಳಲಿ ಎಂದು ಬಿಟ್ಟಳು. ಅಮೆರಿಕದ ಹುಡುಗಿಗೆ ಈ ಪದ್ಧತಿಯೆಲ್ಲ ಎಲ್ಲಿ ಗೊತ್ತಾಗಬೇಕು!

ಡಯೇನ್ ಶಿಮೆಯ ಹೆಸರಿನ ಮೇಲೆ ಬೆರಳಾಡಿಸಿ, ಯಾಕೋ ಸಣ್ಣಗೆ ನಕ್ಕಳು. ಬೆರಳು ದಿನ್ಕಾ ಎಂಬಲ್ಲಿಗೆ ಬಂದಾಗ ಮುಖ ಬಾಡಿತು.

"ಯಾವಾಗ ಹೋದ್ಲು?"

"ಯಾವಾಗ್ಲೋ. ಅಪ್ಪನ ದಾರಿ ಕಾದೂ ಕಾದೂ ಹೋದ್ಲು."

"ಮಕ್ಕಳು ಮರಿ?"

"ಅಪ್ಪ ಬಿಟ್ಟೋದ ಹುಡುಗೀನ ಯಾರು ಕಟ್ಕೋತಾರೆ?"

ಹುಡುಗಿ ವಂಶವೃಕ್ಷವನ್ನು ಮಡಿಚಿ ಚೀಲಕ್ಕೆ ಹಾಕಿದಳು. "ಅಪ್ಪನ ಮೇಲೆ ತುಂಬಾ ಸಿಟ್ಟಿತ್ತಾ ಅವಳಿಗೆ?"

ಹೌದು ಎಂದುಬಿಡಬಹುದಿತ್ತು. ಆದರೆ ಬಾಯಿಗೆ ಬಂದದ್ದೇ ಬೇರೆ.

"ಚಿಕ್ಕೋಳಿದ್ದಾಗ ಹಡಗು ಬಂದಾಗೆಲ್ಲ ಬಂದರಿಗೆ ಓಡೋಳು. ಒಂದೇ ಒಂದ್ ಸಲ ಬಂದಿದ್ರೆ ಎಲ್ಲಾ ಮರೆತುಬಿಡೋಳು."

ಡಯೇನ್ ಕಲ್ಲಿಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತಳು. ನಾನೇ ಕಣೇ ದಿನ್ಕಾ, ಎನ್ನುವುದು ನಾಲಗೆಯ ತುದಿಗೆ ಬಂತು. ಕಾತಾಳ ಮನೆಗೆ ಬಂದವರೂ ಅತ್ತಿದ್ದರು, ತಬ್ಬಿಕೊಂಡಿದ್ದರು. ದಿನ್ಕಾ ಮಾತನ್ನು ನುಂಗಿಕೊಂಡಳು.

ಪೀಡೆ ತೊಲಗುವುದನ್ನು ಕಣ್ಣಾರೆ ನೋಡಬೇಕೆಂದು, ಬೀಳ್ಕೊಡುವ ನೆಪದಲ್ಲಿ ಬಂದರಿನವರೆಗೂ ಜೊತೆಗೆ ಹೋದಳು. ಯಾರೂ ಹೆಸರು ಹಿಡಿದು ಕರೆಯದಿರಲೆಂದು ಹಿಂದಿನ ಓಣಿಯಿಂದ ಇಳಿಸಿಕೊಂಡು ಬಂದಳು. ದಾರಿಗಿರಲಿ ಎಂದು ಒಣ ಅಂಜೂರವನ್ನೂ ಕಟ್ಟಿಕೊಟ್ಟಿದ್ದಳು. ಮನೆ ಉಳಿದ ಸಮಾಧಾನಕ್ಕೆ ಅಷ್ಟು ಔದಾರ್ಯ ತಾನಾಗಿಯೇ ಬಂದಿತ್ತು.

ಹೊರಡಲಿದ್ದ ಹಡಗಿನ ಬಳಿ, ಊರುಗೋಲಿಗೆ ಗದ್ದ ಊರಿ ಒಬ್ಬ ಮುದುಕ ಕಲ್ಲುಬೆಂಚಿನ ಮೇಲೆ ಕೂತಿದ್ದ. ಊರಿನ ಮೆಟ್ಟಿಲುಗಳನ್ನೇ ನೋಡುತ್ತಿದ್ದವನು ಇವರಿಬ್ಬರನ್ನು ಕಂಡು ಕಷ್ಟಪಟ್ಟು ಎದ್ದು ನಿಂತ, ಟೋಪಿ ತೆಗೆದ. ಡಯೇನ್ ದಿನ್ಕಾಳ ಕೈ ಹಿಡಿದು ಅವನ ಮುಂದೆ ತಂದು ನಿಲ್ಲಿಸಿದಳು.

"ತಾತಾ, ನಿನ್ನ ಮಗಳ ಸಮಾಧಿ ತೋರ್ಸಿದ್ದು ಇವ್ರೇ."