ಕನ್ನಡಿ ಮುಂದಿನ ಕೊಳ

ಮೀನು ಊಟ ಬಿಟ್ಟು ಮೂರು ದಿನವಾಗಿತ್ತು. ಕ್ಷೌರಿಕನೂ ಹೆಚ್ಚೂಕಡಿಮೆ ಬಿಟ್ಟಂತೆಯೇ. ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬೆಳಗಿನಿಂದ ಬಾಚಣಿಗೆಗಳ ಪಕ್ಕದಲ್ಲಿ ತಣ್ಣಗೆ ಕೂತಿತ್ತು. ಒಂದೇ ಕುರ್ಚಿಯ ಸಲೂನು. ಕುರ್ಚಿಯೆದುರು ದೊಡ್ಡ ಕನ್ನಡಿ. ಕನ್ನಡಿಯಿಂದ ಎರಡು ಬೆರಳು ಬಿಟ್ಟು, ಎರಡಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಹಸಿರೋ ಹಸಿರು. ಆ ಹಸಿರಿನ ಮೂಲೆಯಲ್ಲಿ ಕೆಂಪು ಫೈಟರ್ ಮೀನು, ಹರಿದ ಬಾವುಟದಂಥ ರೆಕ್ಕೆ ಇಳಿಬಿಟ್ಟುಕೊಂಡು ತಳ ಹಿಡಿದಿತ್ತು.

ಆ ತೊಟ್ಟಿಗಾಗಿ ಕ್ಷೌರಿಕ ಆರು ವಾರ ತಪಸ್ಸು ಮಾಡಿದ್ದ. ನೀರು ತಿಳಿಯಾಗುವವರೆಗೆ ಎಂಟು ಸಲ ಮರಳು ತೊಳೆದಿದ್ದ. ಒಣ ಮರದ ಬೇರೊಂದನ್ನು ಮನೆಯ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಅಡುಗೆಮನೆಯನ್ನು ಆ ಪಾತ್ರೆಗೆ ಶಾಶ್ವತವಾಗಿ ಎರವಾಗಿಸಿದ್ದ. ಗಿಡಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ನೆಟ್ಟು, ಹಿಂದೆ ಉದ್ದ, ಮುಂದೆ ಗಿಡ್ಡ, ಬದಿಯಲ್ಲಿ ಇಳಿಜಾರು ಮಾಡಿ ಕತ್ತರಿಸಿದ್ದ. ಕೈಗೆ ಗೊತ್ತಿದ್ದದ್ದು ಅದೊಂದೇ ಕಲೆ. ನೀರು ಹದಕ್ಕೆ ಬರುವವರೆಗೆ ಮೀನು ಬಿಡಕೂಡದು ಎಂದು ಸಾಕುಮೀನು ಮಾರುವ ಅಂಗಡಿಯ ಅಕ್ಕ ಕಟ್ಟಪ್ಪಣೆ ಮಾಡಿದ್ದಳು. ಬಂದ ಗಿರಾಕಿಗಳೆಲ್ಲ ಮೀನೆಲ್ಲಿ, ಮೀನೆಲ್ಲಿ ಎಂದು ಕೇಳಿ ಅವನ ಪ್ರಾಣ ತಿಂದರು. ಎರಡನೆಯ ವಾರ ಎಲೆಗಳೆಲ್ಲ ಕೊಳೆತು ಉದುರಿದಾಗ ಒಬ್ಬ, ನಿನ್ನ ಕೈಗುಣ, ತೊಟ್ಟಿಯೂ ಬೋಳಾಯಿತು ಎಂದ. ಆಮೇಲೆ ಹೊಸ ಚಿಗುರು ಬಂತು. ಚಿಗುರು ಬಂದಾಗ ಹಾಗಂದವನು ಮಾತ್ರ ಬರಲಿಲ್ಲ.

ಕನ್ನಡಿಯ ಮುಂದೆ ಇಡುವುದು ಕ್ಷೌರಿಕನ ಸ್ವಂತ ಬುದ್ಧಿ. ಕನ್ನಡಿಯಲ್ಲಿ ಕಾಣದ್ದು ಅರ್ಧ ಮಾತ್ರ ಇದ್ದ ಹಾಗೆ, ಎಂಬುದು ಅವನ ಕಸುಬಿನ ನಂಬಿಕೆ. ಒಂದು ಕಾಡಿಟ್ಟರೆ ಎರಡು ಕಾಡು. ಮೀನು ಬಂದ ದಿನ ಅದು ಕಿವಿರು ಅಗಲಿಸಿ, ತೊಡೆ ತಟ್ಟುವ ಪೈಲ್ವಾನನ ಹಾಗೆ ಸೆಟೆದು ಅತ್ತಿಂದಿತ್ತ ನುಗ್ಗಿತು. ಹೊಸ ಮನೆ ಹಿಡಿಸಿದೆ, ಖುಷಿಗೆ ಕುಣಿಯುತ್ತಿದೆ ಎಂದು ಅವನು ಬಂದವರಿಗೆಲ್ಲ ಹೇಳಿಕೊಂಡ. ಮರುದಿನದಿಂದ ಕಾಳು ಮುಟ್ಟಲಿಲ್ಲ. ಅಂಗಡಿಯ ಅಕ್ಕನಿಗೆ ಫೋನು ಮಾಡಿದರೆ ಅವಳು ನೀರಿನ ಬಿಸಿ ಕೇಳಿದಳು, ಕಾಳಿನ ಹೆಸರು ಕೇಳಿದಳು. ಎಲ್ಲ ಸರಿಯಾಗಿತ್ತು. ಕನ್ನಡಿಯ ವಿಷಯ ಅವಳು ಕೇಳಲಿಲ್ಲ. ಯಾರು ತಾನೆ ಕೇಳುತ್ತಾರೆ?

ಮಧ್ಯಾಹ್ನ ಬುತ್ತಿ ಡಬ್ಬಿ ಒಯ್ಯಲು ಹೆಂಡತಿ ಬಂದಳು. ಡಬ್ಬಿ ಎತ್ತಿ ತೂಕ ನೋಡಿದಳು, ಗಿರಾಕಿ ಕುರ್ಚಿಯಲ್ಲಿ ಕೂತಳು. ಮೀನು ಏಳಲಾರದೆ ಎದ್ದು, ಹಿಂದಿನ ಗಾಜಿಗೆ ನುಗ್ಗಿ, ಕಿವಿರು ಬಿಚ್ಚಿ, ಮತ್ತೆ ಕುಸಿಯಿತು.

"ಇದು ಯಾರ ಜೊತೆ ಜಗಳ ಆಡ್ತಿದೆ?"

"ಯಾರ ಜೊತೆ ಆಡುತ್ತೆ? ಒಳಗಿರೋದು ಅದೊಂದೇ."

"ಹಾಗಂತ ಅದಕ್ಕೆ ಯಾರು ಹೇಳಿದಾರೆ?" ಅವಳು ಕನ್ನಡಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಬೆಳಗಿಂದ ಸಂಜೆ ತನಕ ಎದುರಿಗೇ ದಾಯಾದಿ ನಿಂತು ಗುರಾಯಿಸ್ತಿದ್ರೆ ನಿಮಗಾದ್ರೂ ಅನ್ನ ಇಳಿಯುತ್ತಾ?"

ಇಪ್ಪತ್ತೆರಡು ವರ್ಷ ಕನ್ನಡಿಯ ಮುಂದೆ ನಿಂತವನಿಗೆ ಹೊಳೆಯದ್ದು ಇದು. ತುಂಬಿದ ತೊಟ್ಟಿಯನ್ನು ಜರುಗಿಸುವಂತಿಲ್ಲ, ಆರು ವಾರದ ಬೇರು ಸಡಿಲಾಗುತ್ತದೆ. ಹಿಂದಿನ ಗಾಜಿಗೆ ಕಪ್ಪು ಕಾಗದ ಅಂಟಿಸಿದರಾಯಿತು ಎಂದಳು ಹೆಂಡತಿ. ಆದರೆ ಕಾಗದದಂಗಡಿ ಬಾಗಿಲು ತೆಗೆಯುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಕನ್ನಡಿಯನ್ನೇ ಮುಚ್ಚಿಬಿಡೋಣ ಎಂದಳು. ಕನ್ನಡಿಯಿಲ್ಲದ ಸಲೂನಿಗೆ ಯಾರು ಬರುತ್ತಾರೆಂದು ಅವನು ಗೊಣಗುತ್ತಿರುವಾಗಲೇ, ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಕನ್ನಡಿಯ ಮೇಲಿನ ಎರಡು ಮೊಳೆಗಳಿಗೆ ಕಟ್ಟಿ, ತೊಟ್ಟಿಯ ಹಿಂದೆ ಇಳಿಬಿಟ್ಟು, ಡಬ್ಬಿಯನ್ನು ಅಲ್ಲೇ ಬಿಟ್ಟು ಅವಳು ಹೊರಟುಹೋದಳು.

ಆಗ ಯಾರು ಬರಬಾರದಿತ್ತೋ ಅವರೇ ಬಂದರು. ನಿವೃತ್ತ ನಕ್ಷೆಗಾರರು; ಬೀದಿಯಲ್ಲೆಲ್ಲ ಅವರ ಹೆಸರು ಇನ್ನೊಂಚೂರು. ತಲೆ ಮುಗಿಯಲು ಹದಿನೈದು ನಿಮಿಷ, ಆಮೇಲೆ ಇಪ್ಪತ್ತೈದು ನಿಮಿಷ ಕನ್ನಡಿಯಲ್ಲಿ ಎರಡು ಕೆನ್ನೆಗೂದಲನ್ನೂ ಅಳೆಯುತ್ತ, "ಎಡಕ್ಕೆ ಇನ್ನೊಂಚೂರು, ಬಲಕ್ಕೆ ಇನ್ನೊಂಚೂರು." ಹನ್ನೊಂದು ವರ್ಷದಲ್ಲಿ ಅವರು ಒಮ್ಮೆಯೂ ಒಪ್ಪಿಕೊಂಡು ಎದ್ದವರಲ್ಲ, ಸೋತು ಎದ್ದವರು.

ಬಟ್ಟೆ ನೋಡಿ ಹುಬ್ಬೇರಿಸಿದರು. ಕ್ಷೌರಿಕ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಬಂದು ಕುರ್ಚಿಯಲ್ಲಿ ಕೂತರು.

ಕತ್ತರಿ ಓಡಿತು. ಎಡಕಿವಿ ದಾಟಿತು, ಬಲಕಿವಿ ದಾಟಿತು, ಮಾತಿಲ್ಲ. ಹೆದರಿ ಬಗ್ಗಿ ನೋಡಿದರೆ ಅವರ ಕಣ್ಣು ತೊಟ್ಟಿಯಲ್ಲಿತ್ತು. ಮೀನು ಎಲೆಯ ಮರೆಯಿಂದ ಹೊರಬಂದು, ಹಿಂದಿನ ಗಾಜಿನವರೆಗೆ ಹೋಗಿ, ಯಾರೂ ಇಲ್ಲದ್ದನ್ನು ಕಂಡು, ನಂಬಿಕೆ ಸಾಲದೆ ಇನ್ನೊಮ್ಮೆ ಹೋಗಿ ನೋಡಿ ಬಂತು. ಕ್ಷೌರಿಕ ಕತ್ತರಿ ಇಳಿಸಿ ಒಂದು ಕಾಳು ಉದುರಿಸಿದ. ಕಾಳು ತೇಲಿತು. ಮೀನು ಅದನ್ನು ಒಂದು ಸುತ್ತು ಹಾಕಿತು, ದೂರ ಹೋಯಿತು, ಗಕ್ಕನೆ ತಿರುಗಿ ನುಂಗಿತು. ಕುರ್ಚಿಯಲ್ಲಿದ್ದವರೂ ಕುರ್ಚಿಯ ಹಿಂದಿದ್ದವನೂ ಒಟ್ಟಿಗೇ ಉಸಿರು ಬಿಟ್ಟರು.

ಕೆಲಸ ಮುಗಿದ ಮೇಲೆ ಅಭ್ಯಾಸಬಲದಿಂದ ಅವನು ಕೈಗನ್ನಡಿ ಎತ್ತಿ ಅವರ ತಲೆಯ ಹಿಂದೆ ಹಿಡಿದ. ಎದುರಿಗೆ ಬರೀ ಬಟ್ಟೆ. ಹಿಡಿದದ್ದನ್ನು ಇಳಿಸಲೂ ತೋಚದೆ ನಿಂತ.

ನಕ್ಷೆಗಾರರು ಎರಡೂ ಕೆನ್ನೆಗಳ ಮೇಲೆ ಬೆರಳಾಡಿಸಿ, "ಹೇಗೆ ಕಾಣ್ತೀನಿ?" ಎಂದರು.

ಈ ಪ್ರಶ್ನೆಯನ್ನು ಅವರು ಇಷ್ಟು ವರ್ಷ ಕನ್ನಡಿಗೆ ಕೇಳಿದ್ದರು. ಕ್ಷೌರಿಕ ಕುರ್ಚಿ ಬಳಸಿ ಮುಂದೆ ಬಂದು, ಅವರ ಮುಖವನ್ನು ನೇರವಾಗಿ ನೋಡಿದ. ಎಡ ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆಯಿತ್ತು; ಕನ್ನಡಿಯಲ್ಲಿ ಅದು ಅವನಿಗೆ ಇಷ್ಟು ದಿನ ಬಲ ಹುಬ್ಬಿನ ಮೇಲೆ ಕಂಡಿತ್ತು.

"ಚೆನ್ನಾಗಿ ಕಾಣ್ತೀರಿ, ಸಾರ್."

ಅವರು ತಲೆಯಾಡಿಸಿ ಎದ್ದರು. ಬಾಗಿಲ ಹತ್ತಿರ ನಿಂತು, ಆ ಬಟ್ಟೆಯನ್ನು ಯಾವಾಗ ತೆಗೆಯುತ್ತೀಯ ಎಂದು ಕೇಳಿದರು. ನಾಲ್ಕು ಗಂಟೆಗೆ ಕಪ್ಪು ಕಾಗದ ಬರುತ್ತದೆ, ತೊಟ್ಟಿಗೆ ಅಂಟಿಸಿದ ಕೂಡಲೇ ತೆಗೆಯುತ್ತೇನೆ ಎಂದ ಕ್ಷೌರಿಕ.

"ಇರಲಿ ಬಿಡು," ಎಂದರು ಅವರು, ಚಪ್ಪಲಿ ಮೆಟ್ಟುತ್ತ. "ಇನ್ನೊಂಚೂರು ದಿನ."