ಸಿಂಬೆ ಹೂವು

"ಇದರಲ್ಲಿ ಇಬ್ಬನಿ ಒಂದೇ ನಿಜ," ಎಂದು ಮೆಲ್ಬೋರ್ನ್‌ನಿಂದ ಬಂದಿದ್ದ ತೀರ್ಪುಗಾರ ಗ್ಲೆನಿಸಳ ಫೋಟೊ ಪ್ರಿಂಟನ್ನು ಪಕ್ಕಕ್ಕಿಟ್ಟ. "ಹೂಗಳನ್ನ ಕಂಪ್ಯೂಟರಲ್ಲಿ ಸಿಂಬೆ ಥರ ಸುತ್ತಿದ್ದಾರೆ, ನೋಡಿದ್ರೇ ಗೊತ್ತಾಗುತ್ತೆ. ಎಡಿಟಿಂಗ್ ಸ್ಪರ್ಧೆ ಅಂದ್ರೆ ಕೈಚಳಕ ಕಾಣಬಾರದು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಆ ಊರಿನ ರಸ್ತೆಬದಿಯ ಜಲ್ಲಿಯಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲೂ ಆ ಹೂವು ಅರಳುವುದೇ ಹಾಗೆ, ನೆಲದ ಮೇಲೆ ಸಿಂಬೆಯಂತೆ ದುಂಡಗೆ.

"ನಿಮ್ಮ ಕಾರ್ ಪಕ್ಕದಲ್ಲೇ ನಾಲ್ಕಿವೆ, ನೋಡ್ಕೊಂಡು ಬನ್ನಿ," ಎಂದ ಬೇಕರಿಯ ಮಾಲ್ಕಮ್.

ರಸ್ತೆ ಸಮ ಮಾಡುವ ಯಂತ್ರ ಓಡಿಸುವ ಗ್ಲೆನಿಸ್ ಎದ್ದು ನಿಂತಳು. "ಸಿಂಬೆ ಮಣ್ಣಲ್ಲಿ ತಾನಾಗೇ ಬೆಳೆದಿದ್ದು ಸ್ವಾಮಿ. ಫೋಟೊ ತೆಗೆದ ದಿನ ಇಬ್ಬನಿ ಬಿದ್ದೇ ಇರ್ಲಿಲ್ಲ. ಒಂದೊಂದು ಹನೀನೂ ಲ್ಯಾಪ್‌ಟಾಪ್ ಮುಂದೆ ಕೂತು ನಾನೇ ಬರೆದಿದ್ದು."

ತೀರ್ಪುಗಾರ ಪ್ರಿಂಟನ್ನು ಮತ್ತೆ ಕೈಗೆತ್ತಿಕೊಂಡ. ಕನ್ನಡಕ ತೆಗೆದು, ಒಂದು ಹನಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಆಮೇಲೆ ಇನ್ನೊಂದು ಚಿತ್ರಕ್ಕೆ ಚುಚ್ಚಿದ್ದ ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಬಿಚ್ಚತೊಡಗಿದ.