ಬಿಳುಪಿಗೊಂದು ಹೋಲಿಕೆ

ಮಗಳ ಇಂಗ್ಲಿಷ್ ಗೈಡಿನ ಅಗ್ಗದ ಶಾಯಿಯ ವಾಸನೆ ಮೂಗಿಗೆ ಬಡಿದರೆ, ಮುಂಡರಗಿಯ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಇಂಗ್ಲಿಷ್ ಮಾಸ್ತರರು ಹೋಲಿಕೆಗಳನ್ನು ಬರೆಸುತ್ತಿದ್ದರು. ‘ಯಾವುದರಷ್ಟು ಬಿಳುಪು?’ ಎಂಬಲ್ಲಿ ನಾನು ‘ಕಾಟನ್’ ಎಂದು ಬರೆದೆ. ಅವರು ಅದನ್ನು ಇಡೀ ತರಗತಿಗೆ ಓದಿ ನಕ್ಕರು.

“ಹತ್ತಿ ಬಿಡಿಸೋರ ಬುದ್ಧಿ ಹತ್ತಿಯಾಗ ಇರತೈತಿ. ಸ್ನೋ ಅಂತ ಬರಿ.”

ಊಟದ ಡಬ್ಬಿ ತಂದಿದ್ದ ಅವ್ವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಸೆರಗಿಗೆ ಅರಳೆಯ ಎಳೆಗಳು ಅಂಟಿದ್ದವು.

“ಸ್ನೋ ಅಂದ್ರ ಏನ್ರಿ?”

“ಹಿಮ.”

“ನೀವು ನೋಡೀರೇನ್ರಿ?”

“ಇಲ್ಲ ಬೇ, ಪುಸ್ತಕದಾಗ ಐತಿ.”

ಅವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಕಂಡದ್ದು ಬರದ್ರ ನನ್ನ ಮಗಳಿಗೆ ನಗತೀರಿ. ಕಾಣದ್ದು ಬರಸೋ ನಿಮಗ ಪಗಾರ ಬ್ಯಾರೆ!”

ನನ್ನನ್ನು ಹೊರಗೆ ಕರೆದೊಯ್ದು, ಬೇವಿನ ನೆರಳಲ್ಲಿ ಕೂರಿಸಿ ರೊಟ್ಟಿ ಮುರಿದು ಕೊಟ್ಟಳು.